ಸರದಾರನ ಬೀಜ: ಮೆಣಸಿನ ಚೀಲಗಳ ನಡುವೆ

"ಯಾರೂ ಮುಟ್ಟಬ್ಯಾಡ್ರಿ! ಅದನ್ನ ಅಲುಗ್ಯಾಡಸಬ್ಯಾಡ್ರಿ!"

ಡಾಕ್ಟರ್ ಜ್ಯೋತಿಲಕ್ಷ್ಮಿ ಕೂಗಿದ ರಭಸಕ್ಕೆ ಇಬ್ಬರು ಹಮಾಲರು ಗಾಬರಿಬಿದ್ದು ಹಿಂದೆ ಸರಿದು, ಅಲ್ಲಿದ್ದ ಮೆಣಸಿನಕಾಯಿ ಚೀಲಗಳ ಮೇಲೆ ದೊಪ್ಪನೆ ಕುಳಿತರು. ಕೆಂಪು ಧೂಳು ಎದ್ದಿತು. ಸಬ್ ಇನ್ಸ್‌ಪೆಕ್ಟರ್ ದ್ರಾಕ್ಷಾಯಿಣಿ ಸೀನಿದಳು. ಮತ್ತೆ ಸೀನಿದಳು. ಮೂರನೆಯ ಸೀನಿಗೆ ತಲೆಯ ಮೇಲಿನ ಟೋಪಿ ಕಳಚಿ ಕೆಳಗೆ ಬಿತ್ತು. ಕರ್ಜಗಿಯಲ್ಲಿ ಹುಟ್ಟಿ, ಮೆಣಸಿನಕಾಯಿ ಒಣಹಾಕಿದ ಅಂಗಳದಲ್ಲೇ ಆಡಿ ಬೆಳೆದವಳು. ಆದರೂ ಬಣ್ಣ ಜಾಸ್ತಿ, ಖಾರ ಕಮ್ಮಿ ಎಂದು ಎಲ್ಲರೂ ಹೊಗಳುವ ಬ್ಯಾಡಗಿ ಕಾಯಿಯ ಘಾಟು ಅವಳ ಮೂಗಿಗೆ ಇವತ್ತಿಗೂ ಒಗ್ಗಿರಲಿಲ್ಲ.

ಬ್ಯಾಡಗಿಯ ಆ ಕೋಲ್ಡ್ ಸ್ಟೋರೇಜಿನ ಒಳಕೋಣೆಯಲ್ಲಿ ಚೀಲಗಳನ್ನು ಛಾವಣಿಯವರೆಗೆ ಒಟ್ಟಿದ್ದರು. ಒಂದು ಸಂದಿಯಲ್ಲಿ, ಹಾಲಿನ ಕ್ಯಾನಿಗಿಂತ ತುಸು ದಪ್ಪನೆಯ ಅಲ್ಯುಮಿನಿಯಂ ಕಂಟೇನರ್ ಗೋಣಿತಟ್ಟು ಹೊದ್ದು ನಿಂತಿತ್ತು. ಮೂರು ದಿನದ ಹಿಂದೆ, ಜ್ಯೋತಿಲಕ್ಷ್ಮಿ ಪಶುವೈದ್ಯೆಯಾಗಿದ್ದ ಹಾವೇರಿಯ ನಾಟಿ ತಳಿ ಸಂರಕ್ಷಣಾ ಕೇಂದ್ರದಿಂದ ಕಳುವಾಗಿದ್ದು ಇದೇ. ಅದರೊಳಗೆ ಇದ್ದದ್ದು ಸರದಾರನ ಹೆಪ್ಪುಗಟ್ಟಿಸಿದ ವೀರ್ಯ. ವರದಾ ಕರಿ ಎಂಬ ಹಂದಿ ತಳಿಯ ಕೊನೆಯ ಗಂಡು ಸರದಾರ. ಅವನು ಸತ್ತು ವರ್ಷವಾಗಿತ್ತು. ಈ ಕಂಟೇನರ್ ಬಿಟ್ಟರೆ ಅವನದು ಎನ್ನುವಂಥದ್ದು ಭೂಮಿಯ ಮೇಲೆ ಬೇರೇನೂ ಉಳಿದಿರಲಿಲ್ಲ.

"ಹಮಾಲರು ಚೀಲಾ ಸರಸಾಕತ್ತಾಗ ಕಂಡೈತ್ರಿ ಮೇಡಂ," ಎಂದ ಮ್ಯಾನೇಜರ್ ಮಾಂತೇಶ. ಬಿಳಿ ಅಂಗಿ, ಹಣೆಗೆ ವಿಭೂತಿ, ಮಾತಿನಲ್ಲಿ ಬೆಣ್ಣೆ. "ಕಂಡ ಕೂಡ್ಲೇ ನಿಮಗ ಫೋನ್ ಹೊಡದೆ. ನಮ್ಮಲ್ಲಿ ಇಂಥಾದ್ದು ಹೆಂಗ ಬಂತೋ ದೇವರಿಗೇ ಗೊತ್ತು."

"ಇಲ್ಲಿಗೆ ದಿನಾ ಎಷ್ಟ ಮಂದಿ ಬರ್ತಾರ?" ಎಂದು ದ್ರಾಕ್ಷಾಯಿಣಿ ಕೇಳಿದಳು.

"ರೈತರು, ದಲಾಲರು, ಲಾರಿಯವರು. ಯಾರ ಮುಖಾ ಅಂತ ನೆನಪ ಇಟಗೊಳ್ಳೂದ್ರಿ?"

ದ್ರಾಕ್ಷಾಯಿಣಿ ಸುತ್ತ ನೋಡಿದಳು. ದಪ್ಪನೆಯ ಬಾಗಿಲಿನ ಒಳಮೈಗೆ ಕೆಂಪು ಅಕ್ಷರದ ಬೋರ್ಡು ಹೊಡೆದಿದ್ದರು: ಬಾಗಿಲು ಕೂಡಲೇ ಮುಚ್ಚಿರಿ. ಅವಳು ಒಳಗೆ ಬರುವಾಗ ಬಾಗಿಲನ್ನು ಅರೆತೆರೆದು ನಿಂತಿದ್ದ ಹಮಾಲನಿಗೆ ಇದೇ ಮಾಂತೇಶ ಕೆಂಡಾಮಂಡಲವಾಗಿ ಬೈದಿದ್ದ. ಚಳಿ ಹೊರಗೆ ಹೋದರೆ ಕರೆಂಟಿನ ಬಿಲ್ಲು ನಿಮ್ಮಪ್ಪ ಕಟ್ಟುತ್ತಾನೇನು ಎಂದು ಕೇಳಿದ್ದ.

ಜ್ಯೋತಿಲಕ್ಷ್ಮಿ ಮೊಣಕಾಲೂರಿ ಕುಳಿತು ಗೋಣಿತಟ್ಟು ಸರಿಸಿದಳು. ಕಂಟೇನರಿನ ಕುತ್ತಿಗೆಗೆ ಕೈ ಹಾಕಿದಳು. ಅಷ್ಟರಲ್ಲಿ ಮಾಂತೇಶ ತಾನೇ ಒಂದು ಚೀಲವನ್ನು ಎಳೆದು ತಂದು ಬಾಗಿಲಿಗೆ ಅಡ್ಡ ಇಟ್ಟ. ಬಾಗಿಲು ಹಾರುಹೊಡೆದು ನಿಂತಿತು.

"ನಿಮಗ ಭಾಳ ಘಾಟ ಆಗೈತ್ರಿ ಮೇಡಂ. ಸ್ವಲ್ಪ ಗಾಳಿ ಆಡ್ಲಿ."

ಅಪರೂಪಕ್ಕೆ ಒಬ್ಬನಾದರೂ ಪೊಲೀಸರ ಮೂಗಿನ ಚಿಂತೆ ಮಾಡಿದನಲ್ಲ ಎಂದು ದ್ರಾಕ್ಷಾಯಿಣಿಗೆ ಖುಷಿಯಾಯಿತು. ಟೋಪಿ ಎತ್ತಿಕೊಂಡು ಅವನ ಕಡೆ ನೋಡಿ ನಕ್ಕಳು.

ಮುಚ್ಚಳ ತೆರೆದಾಗ ಬಿಳಿ ಹೊಗೆ ಉಕ್ಕಿ, ಕಂಟೇನರಿನ ಮೈಮೇಲೆ ಇಳಿದು ನೆಲದಲ್ಲಿ ಹರಿಯಿತು. ಹಮಾಲರು ರಾಮ ರಾಮ ಎಂದರು. ಜ್ಯೋತಿಲಕ್ಷ್ಮಿ ತನ್ನ ಕೈಚೀಲದಿಂದ ಕಪ್ಪು ಬಣ್ಣ ಬಳಿದ ಅಳತೆಕೋಲು ತೆಗೆದು ಒಳಗೆ ಇಳಿಸಿದಳು. ಸ್ವಲ್ಪ ಹೊತ್ತು ಹಿಡಿದು, ಹೊರಗೆ ಎಳೆದು, ಗಾಳಿಯಲ್ಲಿ ಬೀಸಿದಳು. ಕೋಲಿನ ಮೇಲೆ ಬಿಳಿಯ ಹಿಮ ಕಟ್ಟಿತು, ಬುಡದಿಂದ ಹೆಚ್ಚುಕಮ್ಮಿ ತುದಿಯವರೆಗೂ. ಹಿಮ ಎಲ್ಲಿಯವರೆಗೋ ಒಳಗಿನ ದ್ರವರೂಪದ ನೈಟ್ರೋಜನ್ ಅಲ್ಲಿಯವರೆಗೆ. ಇಷ್ಟು ಸರಳ ಲೆಕ್ಕ ದ್ರಾಕ್ಷಾಯಿಣಿಗೂ ತಿಳಿಯಿತು.

"ತುಂಬೇತ್ರಿ," ಎಂದಳು ಜ್ಯೋತಿಲಕ್ಷ್ಮಿ. ಅವಳ ದನಿಯಲ್ಲಿ ಸಮಾಧಾನಕ್ಕಿಂತ ಬೆರಗು ಹೆಚ್ಚಿತ್ತು.

"ಇಲ್ಲಿ ಚಳಿಗೆ ಉಳದೈತೇನು?"

"ಎಲ್ಲೀ ಚಳೀರಿ? ಇದು ಮೆಣಸಿನಕಾಯಿಗೆ ಸಾಕು. ಅದಕ್ಕ ಈ ಕೋಣಿ ಉರಿಬಿಸಲ ಇದ್ದಂಗ. ನೈಟ್ರೋಜನ್ ದಿನಾ ಆವಿಯಾಗಿ ಹೋಗತಿರತೈತಿ. ಕಳುವಾದಾಗ ಇದು ಅರ್ಧಾನೂ ಇರಲಿಲ್ಲ. ಯಾರೋ ಮತ್ತ ತುಂಬ್ಯಾರ."

ದ್ರಾಕ್ಷಾಯಿಣಿ ಆ ಮಾತನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. ಏನೂ ತಿಳಿಯದ ಕಳ್ಳನಾದರೆ ತಂಪಿರಲಿ ಎಂದು ತಂದು ಇಲ್ಲಿ ಇಡುತ್ತಿದ್ದ, ನೈಟ್ರೋಜನ್ ತುಂಬುವ ಗೋಜಿಗೆ ಹೋಗುತ್ತಿರಲಿಲ್ಲ. ತಿಳಿದ ಕಳ್ಳನಾದರೆ ತುಂಬುತ್ತಿದ್ದ, ಆದರೆ ಈ ಚಳಿಯನ್ನು ನಂಬಿ ತರುತ್ತಿರಲಿಲ್ಲ. ಹಾಗಾದರೆ ಇಲ್ಲಿ ಇಟ್ಟದ್ದು ಚಳಿಗಲ್ಲ, ಕಣ್ಣು ತಪ್ಪಿಸಲಿಕ್ಕೆ. ಮತ್ತು ಇಟ್ಟವನಿಗೆ ಈ ವಿದ್ಯೆ ಅಷ್ಟಿಷ್ಟು ಗೊತ್ತಿದೆ.

ಬೀಜ ಬದುಕಿದೆಯೋ ಇಲ್ಲವೋ ನೋಡಬೇಕಿತ್ತು. ಜ್ಯೋತಿಲಕ್ಷ್ಮಿ ಸೂಕ್ಷ್ಮದರ್ಶಕವನ್ನು ತನ್ನ ಜೀಪಿನಲ್ಲೇ ತಂದಿದ್ದಳು. ಮ್ಯಾನೇಜರ್ ಕೋಣೆಯ ಮೇಜಿನ ಮೇಲಿದ್ದ ಮೆಣಸಿನಕಾಯಿ ಮಾದರಿಗಳನ್ನೆಲ್ಲ ಗುಡಿಸಿ, ಸ್ಟೀಲ್ ಲೋಟದಲ್ಲಿ ಉಗುರುಬೆಚ್ಚಗಿನ ನೀರು ಇಟ್ಟಳು. ಕಂಟೇನರಿನಿಂದ ಇಕ್ಕಳದಲ್ಲಿ ಸ್ಟ್ರಾ ಎಂದು ಕರೆಯುವ, ಬೀಜ ತುಂಬಿದ ಒಂದೇ ಒಂದು ತಿಳಿನೀಲಿ ಪ್ಲಾಸ್ಟಿಕ್ ಕಡ್ಡಿ ಎತ್ತಿ, ಕಣ್ಣು ಮಿಟುಕಿಸುವುದರೊಳಗೆ ನೀರಿಗೆ ಇಳಿಸಿದಳು.

ಅವಳ ಕೈ ಕೆಲಸ ಮಾಡುವುದನ್ನು ನೋಡುವುದೇ ಒಂದು ಸೊಗಸು. ಮೊದಲ ದಿನ ಕೇಂದ್ರಕ್ಕೆ ಹೋದಾಗ ದ್ರಾಕ್ಷಾಯಿಣಿ ಮೂಗು ಮುರಿದಿದ್ದಳು, ಸುಳ್ಳೇಕೆ ಹೇಳಬೇಕು. ಹಂದಿಯ ವೀರ್ಯ ಕಳುವಾಯಿತು ಎಂದು ಎಫ್‌ಐಆರ್ ಬರೆಯುವಾಗ ಠಾಣೆಯಲ್ಲಿ ಎಲ್ಲರೂ ಮುಸಿಮುಸಿ ನಕ್ಕಿದ್ದರು. ಆಮೇಲೆ ಈ ಹೆಣ್ಣುಮಗಳು ಕೂರಿಸಿಕೊಂಡು ಹೇಳಿದ್ದಳು. ಹೋರಿಯ ಬೀಜ ಗಟ್ಟಿ, ಹೇಗೆ ತಣಿಸಿದರೂ ತಾಳಿಕೊಳ್ಳುತ್ತದೆ. ಹಂದಿಯದು ಬಲು ನಾಜೂಕು. ಒಮ್ಮೆಲೇ ಚಳಿ ತಗಲಿತೋ, ಎಲ್ಲ ಸತ್ತಹಾಗೆಯೇ. ಅದನ್ನು ಬೆಚ್ಚಗಿನ ಫ್ಲಾಸ್ಕಿನಲ್ಲಿ ಹಿಡಿದು, ತೆಳುಬಟ್ಟೆಯಲ್ಲಿ ಸೋಸಿ, ಕೋಳಿಮೊಟ್ಟೆಯ ಹಳದಿ ಬೆರೆಸಿದ ದ್ರಾವಣದಲ್ಲಿ ಮಗುವನ್ನು ಮಲಗಿಸಿದ ಹಾಗೆ ಮೆಲ್ಲಮೆಲ್ಲಗೆ ತಣಿಸಬೇಕು. ತಾಸುಗಟ್ಟಲೆ ಕಾಯಬೇಕು. ಆಮೇಲೆ ಸ್ಟ್ರಾಗಳಿಗೆ ತುಂಬಿ, ನೈಟ್ರೋಜನ್ ಹೊಗೆಯ ಮೇಲೆ ಹಿಡಿದು, ಕೊನೆಗೆ ಒಳಗೆ ಮುಳುಗಿಸಬೇಕು. ಇದೆಲ್ಲ ಕೈಗೆ ಹತ್ತುವ ತನಕ ಜ್ಯೋತಿಲಕ್ಷ್ಮಿ ಎಷ್ಟೋ ಸಲ ಸೋತು, ಕೇಂದ್ರದ ಹಿಂದಿನ ಮೆಟ್ಟಿಲ ಮೇಲೆ ಕುಳಿತು ಅತ್ತಿದ್ದಳಂತೆ.

ಇನ್ನು ಸರದಾರನೋ, ಹೆಸರಿಗೆ ತಕ್ಕ ಜಂಬದವನು. ಬೀಜ ಹಿಡಿಯಲು ಕಟ್ಟಿಗೆಯ ಹೆಣ್ಣುಹಂದಿ ಮಾಡಿ ನಿಲ್ಲಿಸಿದರೆ ಅದರ ಕಡೆ ತಿರುಗಿಯೂ ನೋಡಲಿಲ್ಲ. ಅವನನ್ನು ಸಾಕಿದ ಹಲಗೇರಿಯ ಹೊಳಿಯವ್ವ ಬಂದು, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಬೆನ್ನ ಮೇಲಿನ ಜೋಡಿ ಸುಳಿಯನ್ನು ಸವರುತ್ತ ಊರ ಸುದ್ದಿಯೆಲ್ಲ ಹೇಳಿದ ಮೇಲೆಯೇ ಒಪ್ಪಿದ್ದು. ಇಡೀ ವರದಾ ದಂಡೆಯ ಹಂದಿಗಳು ಜ್ವರಕ್ಕೆ ಸಾಲುಸಾಲಾಗಿ ಸತ್ತಾಗ, ಜ್ವರ ಹತ್ತಿಯೂ ಎದ್ದು ನಿಂತ ಒಂದೇ ಗಂಡು ಅವನು. ಅಂಥವನ ಬೀಜಕ್ಕೆ ದೊಡ್ಡ ಹಂದಿ ಫಾರ್ಮಿನವರು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದುದರಲ್ಲಿ ಆಶ್ಚರ್ಯವಿರಲಿಲ್ಲ.

"ನೋಡ್ರಿ," ಎಂದು ಜ್ಯೋತಿಲಕ್ಷ್ಮಿ ಪಕ್ಕಕ್ಕೆ ಸರಿದಳು.

ದ್ರಾಕ್ಷಾಯಿಣಿ ಕಣ್ಣಿಟ್ಟು ನೋಡಿದಳು. ಬೆಳಕಿನ ವೃತ್ತದೊಳಗೆ ಸಣ್ಣ ಸಣ್ಣ ಜೀವಗಳು ಬಾಲ ಬಡಿಯುತ್ತ ಮುಂದೆ ಮುಂದೆ ಹೋಗುತ್ತಿದ್ದವು. ಅವಳ ಮೈಮೇಲೆ ಮುಳ್ಳೆದ್ದವು. ಸತ್ತ ಪ್ರಾಣಿಯ ಜೀವವನ್ನು ಹೀಗೆ ತಡೆದು ನಿಲ್ಲಿಸಿ, ಬೇಕೆಂದಾಗ ಎಬ್ಬಿಸುವ ಈ ಹೆಂಗಸಿಗೆ ಎದ್ದು ನಿಂತು ಸೆಲ್ಯೂಟ್ ಹೊಡೆಯಬೇಕು ಅನ್ನಿಸಿತು.

"ಸರದಾರನs ಏನ್ರಿ?"

"ಸರದಾರನs." ಜ್ಯೋತಿಲಕ್ಷ್ಮಿಯ ಕಣ್ಣಲ್ಲಿ ನೀರಿತ್ತು. ಕೋಣೆಯಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ ಜೋರಾಗಿ ಹೇಳಿದಳು: "ಎಲ್ಲಾ ಸುರಕ್ಷಿತ ಅದಾವು. ಒಂದೂ ಹಾಳಾಗಿಲ್ಲ."

ಮಾಂತೇಶ ಬಾಗಿಲಲ್ಲೇ ನಿಂತು ಕೈ ಮುಗಿದ.

ಖಾಲಿಯಾದ ಸ್ಟ್ರಾವನ್ನು ದ್ರಾಕ್ಷಾಯಿಣಿ ಲಕೋಟೆಗೆ ಹಾಕಿಕೊಂಡಳು. ಜ್ಯೋತಿಲಕ್ಷ್ಮಿಯ ಕೈ ಅರ್ಧ ಮುಂದೆ ಬಂದು ನಿಂತಿತು.

"ಅದ್ಯಾಕ್ರಿ? ಬಿಸಾಡೂದು ಅದು."

"ಸಾಕ್ಷಿ ಅಂತ ಇರ್ಲಿ. ನ್ಯಾಯಾಧೀಶರು ಕಳುವಾದ ಮಾಲು ಎಲ್ಲಿ ಅಂತ ಕೇಳಿದ್ರ ತೋರಿಸಾಕ ಏನರೆ ಬೇಕಲ್ಲ?"

ಡಾಕ್ಟರು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಕೈ ತೊಳೆಯಲು ಹೋದಳು.

ಹಲಗೇರಿಯಲ್ಲಿ ಹೊಳಿಯವ್ವನ ಬಳಿ ಉಳಿದಿದ್ದ ಅಪ್ಪಟ ವರದಾ ಕರಿ ಹೆಣ್ಣು ಒಂದೇ, ಚಿಗರಿ. ಅದಕ್ಕೂ ವಯಸ್ಸಾಗಿತ್ತು. ಬಹಳ ದಿನಗಳ ಮೇಲೆ ಅದು ಬೆದೆಗೆ ಬಂದಿದೆ ಎಂದು ನಿನ್ನೆ ಫೋನು ಬಂದಿತ್ತು. ಮತ್ತೊಮ್ಮೆ ಬರುತ್ತದೆಂಬ ಭರವಸೆ ಯಾರಿಗೂ ಇರಲಿಲ್ಲ. ಇವತ್ತು ಸಂಜೆಯೊಳಗೆ ಸರದಾರನ ಬೀಜ ಚಿಗರಿಯ ಹೊಟ್ಟೆ ಸೇರಬೇಕು, ಇಲ್ಲದಿದ್ದರೆ ವರದಾ ಕರಿ ಎಂಬ ಹೆಸರು ಫೋಟೋದಲ್ಲಿ ಮಾತ್ರ. ಜ್ಯೋತಿಲಕ್ಷ್ಮಿ ಬೇಕಾದ ಸಾಮಾನು ತರಲು ಕಂಟೇನರ್ ಸಮೇತ ಹಾವೇರಿಗೆ ಹೊರಟಳು. ಹೊಳಿಯವ್ವನಿಗೆ ಒಳ್ಳೆಯ ಸುದ್ದಿ ಮುಟ್ಟಿಸುವ ಕೆಲಸವನ್ನು ದ್ರಾಕ್ಷಾಯಿಣಿ ತಾನೇ ಕೇಳಿ ತೆಗೆದುಕೊಂಡಳು. ಪೊಲೀಸರು ಒಳ್ಳೆಯ ಸುದ್ದಿ ಒಯ್ಯುವ ಯೋಗ ಎಲ್ಲ ದಿನ ಬರುವುದಿಲ್ಲ.

"ನನಗೂ ರಾಣೇಬೆನ್ನೂರಾಗ ಕೆಲಸ ಐತ್ರಿ ಮೇಡಂ," ಎಂದು ಮಾಂತೇಶ ಜೀಪು ಹತ್ತಿದ. "ಹಂಗs ಆ ಹಂದೀನೂ ಒಮ್ಮಿ ನೋಡಿದಂಗ ಆಗತೈತಿ. ಇಷ್ಟೆಲ್ಲಾ ಗದ್ದಲ ಯಾರ ಸಲುವಾಗಿ ಅಂತ."

ದಾರಿಯಲ್ಲಿ ಅವನು ಮಾತಾಡುತ್ತಲೇ ಇದ್ದ. ಒಂದು ಹಂದಿಗೆ ಒಂದು ಕಡ್ಡಿ ಸಾಕಾಗುತ್ತದೆಯೇ? ಸಾಲುವುದಿಲ್ಲವಂತೆ, ಹಿಡಿತುಂಬ ಬೇಕಂತೆ ಎಂದಳು ದ್ರಾಕ್ಷಾಯಿಣಿ. ಹಾಗಾದರೆ ಎಷ್ಟು ಹಂದಿಗೆ ಬರಬಹುದು? ಅದು ತನಗೆ ಗೊತ್ತಿಲ್ಲವೆಂದಳು. ತಿಳಿಯುವ ಹಂಬಲ ಇರುವ ಮನುಷ್ಯ ಎಂದುಕೊಂಡಳು.

ಹೊಳಿಯವ್ವ ದೊಡ್ಡಿಯ ಕಟ್ಟೆಯ ಮೇಲೆ ಕುಳಿತಿದ್ದಳು. ಸುದ್ದಿ ಕೇಳಿದೊಡನೆ ಎದ್ದು ಬಂದು ದ್ರಾಕ್ಷಾಯಿಣಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೆಟಿಕೆ ಮುರಿದಳು. ಖಾಕಿ ಬಟ್ಟೆಯವರಿಗೆ ಹಾಗೆ ಮಾಡಬಾರದು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ನನ್ನ ಸರದಾರ ಸಿಕ್ಕನಾ? ನನ್ನ ಬಂಗಾರದಂಥಾ ಮಗಳs! ಕುಂದರ್ವಾ. ಎಪ್ಪಾ ನೀನೂ ಕುಂದ್ರು. ಚಾ ಮಾಡ್ತೇನಿ."

"ಚಾ ಆಮ್ಯಾಲೆ ಬೇ. ಚಿಗರಿ ಹೆಂಗೈತಿ?"

"ನಿಂತಲ್ಲಿ ನಿಲ್ಲವಲ್ದು. ಕಂಡದ್ದೆಲ್ಲಾ ಮೂತೀಲೆ ದಬ್ಬಾಕತ್ತೈತಿ. ಮದುವಿ ಮನ್ಯಾಗಿನ ಬೀಗತಿ ಆಗೈತಿ ನೋಡು."

ದೊಡ್ಡಿಯೊಳಗೆ ಕರ್ರಗಿನ ಚಿಗರಿ ಗುರುಗುಡುತ್ತ ಸುತ್ತುತ್ತಿತ್ತು. ಬೆನ್ನಿನ ಒರಟು ಕೂದಲು ಎದ್ದು ನಿಂತಿತ್ತು. ಮೂಲೆಯಲ್ಲಿ ಹಳೆಯ ಕೌದಿ ಹೊದಿಸಿದ ಏನೋ ಸಾಮಾನಿತ್ತು.

ಹೊಳಿಯವ್ವ ಸೊಂಟದಿಂದ ಎಲೆ ಅಡಿಕೆಯ ಸಂಚಿ ಬಿಚ್ಚಿದಳು. ಸಂತೋಷವಾದಾಗ ಎಲೆ ಹಾಕದಿದ್ದರೆ ಅವಳಿಗೆ ತಡೆಯದು. ಅಡಿಕೆ ಹುಡುಕುತ್ತ, ಸಂಚಿಯ ಒಳಪದರದಿಂದ ಒಂದು ತಿಳಿನೀಲಿ ಕಡ್ಡಿ ತೆಗೆದು ತೋರಿಸಿದಳು.

"ಇದನ್ನ ನೋಡು. ಮೊದಲನೇ ಸಲ ಅವನ ಬೀಜಾ ಎಬ್ಬಿಸಿ ನೋಡಿದ್ರಲ್ಲ, ಆವತ್ತಿಂದು. ಡಾಕ್ಟರವ್ವ ಒಗ್ಯಾಕತ್ತಿದ್ಲು. ನಾನs ಬೇಡಿ ಇಸಗೊಂಡೆ. ಅವ ಸತ್ತಾಗಿಂದ ಇದು ನನ್ನ ಸೊಂಟದಾಗs ಐತಿ."

ದ್ರಾಕ್ಷಾಯಿಣಿ ಆ ಕಡ್ಡಿಯನ್ನು ಬೆರಳಲ್ಲಿ ಹಿಡಿದು ನೋಡಿದಳು. ಮುದುಕಿಯ ಪ್ರೀತಿ ಕಂಡು ನಕ್ಕಳು. ಮರುಗಳಿಗೆಯೇ ಏನೋ ಸರಿಯಿಲ್ಲ ಅನ್ನಿಸಿತು. ಕಡ್ಡಿ ದಪ್ಪಗಿತ್ತು.

ಜೀಪಿನ ಮರೆಗೆ ಹೋಗಿ ಲಕೋಟೆಯಲ್ಲಿದ್ದುದನ್ನು ತೆಗೆದು ಪಕ್ಕಪಕ್ಕದಲ್ಲಿ ಹಿಡಿದಳು. ಬಣ್ಣ ಒಂದೇ, ಉದ್ದ ಒಂದೇ. ಆದರೆ ಬ್ಯಾಡಗಿಯಲ್ಲಿ ಸಿಕ್ಕಿದ್ದು ಹೊಳಿಯವ್ವನದರ ಅರ್ಧದಷ್ಟೂ ದಪ್ಪವಿರಲಿಲ್ಲ. ಇಂಥ ಸಣ್ಣ ಕಡ್ಡಿಯನ್ನು ಅವಳು ಎಲ್ಲಿ ನೋಡಿದ್ದಳು? ಕರ್ಜಗಿಯ ತಮ್ಮ ಮನೆಯ ಹಿತ್ತಿಲಲ್ಲಿ, ಆಕಳಿಗೆ ಗರ್ಭಧಾರಣೆಯ ಇಂಜೆಕ್ಷನ್ ಕೊಡಲು ಬಂದವರು ಎಸೆದು ಹೋದದ್ದನ್ನು. ಇದು ಹೋರಿಯದು.

ಕಡ್ಡಿಗಳನ್ನು ತುಂಬಿದವಳು, ಕಣ್ಣು ಮುಚ್ಚಿ ಮುಟ್ಟಿದರೂ ಗುರುತಿಸುವವಳು, ಎಲ್ಲರ ಮುಂದೆ ಇದು ಸರದಾರನದೇ, ಒಂದೂ ಹಾಳಾಗಿಲ್ಲ ಎಂದು ಹೇಳಿದ್ದಳು. ಮೂರು ದಿನದಿಂದ ತಾನು ಯಾರನ್ನು ಮನಸ್ಸಿನಲ್ಲಿ ಪೂಜಿಸುತ್ತಿದ್ದಳೋ ಅವಳು ಸುಳ್ಳು ಹೇಳಿದ್ದಳು. ದ್ರಾಕ್ಷಾಯಿಣಿಗೆ ಸಿಟ್ಟಿಗಿಂತ ಮೊದಲು ಸಂಕಟವಾಯಿತು.

ಹೊಳಿಯವ್ವನ ಕಡ್ಡಿಯನ್ನು ಅವಳಿಗೆ ಮರಳಿ ಕೊಟ್ಟಳು. ಮುದುಕಿ ಅದನ್ನು ಜೋಪಾನವಾಗಿ ಸಂಚಿಗೆ ಸೇರಿಸಿದಳು.

ಜ್ಯೋತಿಲಕ್ಷ್ಮಿಯ ಜೀಪು ಬಂದಾಗ ಹೊತ್ತು ಇಳಿಯುತ್ತಿತ್ತು. ದ್ರಾಕ್ಷಾಯಿಣಿ ಅವಳನ್ನು ದೊಡ್ಡಿಗೆ ಹೋಗಗೊಡದೆ, ಅಡ್ಡ ನಿಂತು ಲಕೋಟೆ ಮುಂದೆ ಹಿಡಿದಳು.

"ಇದರಾಗಿಂದು ಯಾವ ಹೋರಿದ್ರಿ, ಡಾಕ್ಟರ?"

ಡಾಕ್ಟರ ಮುಖದಿಂದ ರಕ್ತ ಇಳಿಯಿತು. ಆದರೆ ಕಣ್ಣು ತಪ್ಪಿಸಲಿಲ್ಲ.

"ಹೆಂಗ ಗೊತ್ತಾತ್ರಿ?"

"ಅದು ಆಮ್ಯಾಲೆ. ಆ ಮುದುಕಿ ಮುಂದ ಹೋರಿ ಬೀಜಾ ಇಟಗೊಂಡು ನಾಟಕಾ ಆಡಾಕ ಬಂದೀರೇನು? ಸರದಾರನ್ನ ಎಲ್ಲಿ ಮಾರಿದ್ರಿ?"

"ಮಾರೂದಾ?" ಜ್ಯೋತಿಲಕ್ಷ್ಮಿಯ ದನಿ ನಡುಗಿತು. "ನಾನು? ಅವನ್ನ? ಮೇಡಂ, ಮೆಲ್ಲಕ ಮಾತಾಡ್ರಿ. ಕಳುವಾಗೂಕಿಂತ ಮೊದಲs ನಾನs ಬದಲಿ ಮಾಡಿಟ್ಟಿದ್ದೆ."

"ಯಾಕ?"

"ಕೇಂದ್ರದಾಗ ಯಾರೋ ನನ್ನ ಕಪಾಟಿನ ಕೀಲಿಗೆ ಕೈ ಹಾಕಾಕತ್ತಿದ್ರು. ಇಟ್ಟದ್ದು ಇಟ್ಟಲ್ಲಿ ಇರ್ತಿರಲಿಲ್ಲ. ಯಾರು ಅಂತ ತಿಳೀಲಿಲ್ಲ. ಬಾಯಿ ಬಿಟ್ರ ಅವರು ಹುಷಾರ ಆಗ್ತಿದ್ರು. ಅದಕ್ಕ ದನದ ದವಾಖಾನಿಯಿಂದ ಹೋರಿ ಕಡ್ಡಿ ತಂದು ಅದರಾಗ ತುಂಬಿ, ಖರೇ ಸರದಾರನ್ನ ಬ್ಯಾರೆ ಕಂಟೇನರಿನ್ಯಾಗ ಇಟ್ಟೆ. ಎರಡs ದಿನಕ್ಕ ಕಳುವಾತು."

"ನನಗರೆ ಹೇಳಬೇಕಿಲ್ಲ?"

"ನೀವು ನಮ್ಮಲ್ಲಿ ಎಲ್ಲಾರನ್ನೂ ಒಂದs ಕೋಣ್ಯಾಗ ಕೂಡಿಸಿ ಕೇಳಿದ್ರಿ. ಹೆಂಗ ಹೇಳ್ಲಿ? ಕದ್ದಾವಗ ತಾ ಮೋಸ ಹೋಗೇನಿ ಅಂತ ಗೊತ್ತಾಗಬಾರದು, ಇವತ್ತ ಚಿಗರಿ ಕೆಲಸಾ ಮುಗಿಯೂತನಕರೆ. ಅದಕ್ಕs ಬ್ಯಾಡಗ್ಯಾಗ ಅಷ್ಟು ಜೋರಾಗಿ ಸುಳ್ಳ ಹೇಳಿದೆ."

ದ್ರಾಕ್ಷಾಯಿಣಿ ಅವಳನ್ನು ದಿಟ್ಟಿಸಿದಳು. ನಂಬಬೇಕು ಅನ್ನಿಸುತ್ತಿತ್ತು, ನಂಬಬೇಕು ಅನ್ನಿಸುವುದೇ ಪೊಲೀಸರಿಗೆ ಒಳ್ಳೆಯದಲ್ಲ ಎಂದೂ ಗೊತ್ತಿತ್ತು.

"ಹಂಗಾದ್ರ ಖರೇ ಕಂಟೇನರ್ ಎಲ್ಲೈತಿ?"

"ಇಲ್ಲೇ. ದೊಡ್ಡ್ಯಾಗ. ಔಷಧಾ ಅಂತ ಹೇಳಿ ಇಟ್ಟೇನಿ, ಹೊಳಿಯವ್ವಗೂ ಗೊತ್ತಿಲ್ಲ." ಜ್ಯೋತಿಲಕ್ಷ್ಮಿ ಕಣ್ಣೊರೆಸಿಕೊಂಡಳು. "ಇವತ್ತ ಆ ಕೋಣ್ಯಾಗ ನನ್ನ ತಲಿ ಓಡಲಿಲ್ಲ ನೋಡ್ರಿ. ನೈಟ್ರೋಜನ್ ತೆರಿಯೂ ಮುಂದ ಬಾಗಲಾ ತೆರಸಬೇಕು, ಮುಚ್ಚಿದ ಕೋಣ್ಯಾಗ ಉಸಿರ ಕಟ್ಟತೈತಿ. ನಾನs ಮರತಿದ್ದೆ. ಪುಣ್ಯೇಕ ಬಾಗಲಾ ತೆರದಿತ್ತು. ನೀವs ತೆರಸಿದ್ರೇನು?"

ದ್ರಾಕ್ಷಾಯಿಣಿ ಕೋಲ್ಡ್ ಸ್ಟೋರೇಜಿನ ಬಾಗಿಲನ್ನು ನೆನೆಸಿಕೊಂಡಳು. ಕೆಂಪು ಅಕ್ಷರದ ಬೋರ್ಡು ಕಣ್ಣ ಮುಂದೆ ಬಂತು. ಅರ್ಧ ಬಾಗಿಲು ತೆರೆದದ್ದಕ್ಕೆ ಹಮಾಲನ ಅಪ್ಪನವರೆಗೆ ಹೋದ ಮನುಷ್ಯ. ಚಳಿ ಕಾಯುವುದೇ ಹೊಟ್ಟೆಪಾಡಾದವನು. ಅಂಥವನು ತಾನಾಗಿ ಚೀಲ ಎಳೆದು ತಂದು ಬಾಗಿಲನ್ನು ಪೂರ್ತಿ ತೆರೆದು ನಿಲ್ಲಿಸಿದ್ದ. ಅವಳು ಮೂರು ಸಲ ಸೀನಿದಾಗ ಅಲ್ಲ. ಡಾಕ್ಟರು ಮುಚ್ಚಳಕ್ಕೆ ಕೈ ಹಾಕಿದಾಗ. ಅದರ ಹೊಗೆ ಉಸಿರು ಕಟ್ಟಿಸುತ್ತದೆಂದು ಅವನಿಗೆ ಮೊದಲೇ ಗೊತ್ತಿತ್ತು. ಹಮಾಲರ ಕಣ್ಣಿಗೆ ಬಿದ್ದ ಮೇಲೆ ಪೊಲೀಸರಿಗೆ ಫೋನು ಮಾಡದೆ ಅವನಿಗೆ ಬೇರೆ ದಾರಿ ಎಲ್ಲಿತ್ತು? ಆ ಕಳ್ಳನನ್ನು ತಾನೇ ಜೀಪಿನಲ್ಲಿ ಕೂರಿಸಿಕೊಂಡು, ದಾರಿಯುದ್ದಕ್ಕೂ ಪಾಠ ಹೇಳುತ್ತ ಇಲ್ಲಿಗೆ ತಂದಿದ್ದಳು.

ತಿರುಗಿ ನೋಡಿದಳು.

ಮಾಂತೇಶ ಕಟ್ಟೆಯ ಮೇಲೆ ಹೊಳಿಯವ್ವನ ಪಕ್ಕದಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಮುದುಕಿ ಉಪಚಾರಕ್ಕೆಂದು ಸಂಚಿಯನ್ನೇ ಅವನ ಕೈಗೆ ಕೊಟ್ಟಿದ್ದಳು. ಅವನ ತೊಡೆಯ ಮೇಲೆ ಅಡಿಕೆಯ ಜೊತೆಗೆ ದಪ್ಪನೆಯ ತಿಳಿನೀಲಿ ಕಡ್ಡಿ ಬಿದ್ದಿತ್ತು. ಅವನು ಅದನ್ನು ಎತ್ತಿದ. ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸಿದ. ಇನ್ನೊಮ್ಮೆ ಹೊರಳಿಸಿದ. ಅವನ ಮುಖದ ಬೆಣ್ಣೆಯಂಥ ನಗು ಇಂಗಿತು; ತಾನು ಕದ್ದ ಕಡ್ಡಿಗಳಿಗಿಂತ ಇದು ದಪ್ಪ ಎಂದು ಅವನಿಗೂ ತಿಳಿದಂತಿತ್ತು.

ಆಗಲೇ ಚಿಗರಿ ಗುರುಗುಡುತ್ತ ಮೂಲೆಗೆ ನುಗ್ಗಿ, ಕೌದಿ ಹೊದಿಸಿದ್ದ ಸಾಮಾನನ್ನು ಮೂತಿಯಿಂದ ಜೋರಾಗಿ ತಿವಿಯಿತು. ಅದು ಓಲಾಡಿ ನಿಂತಿತು. ಕೌದಿಯ ಅಂಚಿನಿಂದ ಒಂದು ಎಳೆ ಬಿಳಿ ಹೊಗೆ ಹೊರಬಿದ್ದು ನೆಲದ ಮೇಲೆ ಹರಿಯಿತು.

ಮಾಂತೇಶ ಎದ್ದು ನಿಂತ. ಸುಣ್ಣದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ಯವ್ವಾ," ಎಂದ, "ಆ ಕೌದ್ಯಾಗ ಏನೈತಿ?"

"ಡಾಕ್ಟರವ್ವ ಇಟ್ಟ ಔಷಧಾ ಐತೋ ಎಪ್ಪಾ," ಎಂದಳು ಹೊಳಿಯವ್ವ, ದೊಡ್ಡಿಯ ಅಗಳಿಯನ್ನು ತಾನೇ ಸರಿಸುತ್ತ. "ನೋಡ್ತೀಯೇನು, ಬಾ."